ಹೆಡ್ಡು, ರ‍್ಯಾಕು ಮತ್ತು 60 ಕ್ಯಾಂಡಲ್ ಬಲ್ಬು

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಅಂತ ಒಂದಿಲ್ಲ. ಪ್ಲಗ್ ಹಾಕದೆ ಮೀಟಿದರೆ ಸೊಳ್ಳೆಪರದೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಷ್ಟು ಕೇಳಿಸುತ್ತೆ, ಅಷ್ಟೇ. ಅದಕ್ಕೆ ದನಿ ಕೊಡೋದು ಆಂಪ್ಲಿಫೈಯರ್. ಹಾಗಾಗಿ ಇಬ್ಬರು ಗಿಟಾರಿನವರು ಒಂದು ಕಡೆ ಕೂತರೆ ಗಿಟಾರಿನ ಬಗ್ಗೆ ಹತ್ತು ನಿಮಿಷ, ಆಂಪಿನ ಬಗ್ಗೆ ಎರಡು ತಾಸು ಮಾತಾಡುತ್ತಾರೆ. ಮೆಟಲ್ ಬಾರಿಸೋರಾದರೆ ಆ ಎರಡು ತಾಸಿನಲ್ಲಿ ಒಂದು ತಾಸು ‘ಹೆಡ್ಡೋ ರ‍್ಯಾಕೋ’ ಅನ್ನೋ ಜಗಳಕ್ಕೆ ಮೀಸಲು. ನಾನು ಈ ಜಗಳವನ್ನು ಒಬ್ಬನೇ ಮನುಷ್ಯನ ಜೊತೆ ಮೂರು ವರ್ಷ ಆಡಿದ್ದೇನೆ. ಅವನು ಹುಬ್ಬಳ್ಳಿಯವನು, ಕ್ಯಾಲಿಫೋರ್ನಿಯಾದ ಸನಿವೇಲಿನಲ್ಲಿ ನನ್ನ ರೂಮ್‌ಮೇಟು. ನಾನು ಹೆಡ್ ಪಾರ್ಟಿ. ಅವನು ರ‍್ಯಾಕ್ ಪಾರ್ಟಿ.

ಗೊತ್ತಿಲ್ಲದವರಿಗೆ ಎರಡು ಮಾತು. ಗೊತ್ತಿರೋರು ಈ ಪ್ಯಾರಾ ಹಾರಿಸಿ. ಆಂಪಿನೊಳಗೆ ಎರಡು ಭಾಗ. ಗಿಟಾರಿನ ಪುಟ್ಟ ಸಿಗ್ನಲ್ಲನ್ನು ಹಿಗ್ಗಿಸಿ, ಬಣ್ಣ ಬಳಿದು ಕೊಡೋದು ಪ್ರೀಆಂಪು. ಅದಕ್ಕೆ ಸ್ಪೀಕರ್ ಅಲ್ಲಾಡಿಸುವಷ್ಟು ಕಸುವು ತುಂಬೋದು ಪವರ್ ಆಂಪು. ಎರಡನ್ನೂ ಒಂದೇ ಮರದ ಪೆಟ್ಟಿಗೆಯಲ್ಲಿ ಹಾಕಿ, ನಾಲ್ಕು ಸ್ಪೀಕರಿನ ದೊಡ್ಡ ಡಬ್ಬದ ತಲೆ ಮೇಲೆ ಕೂರಿಸಿದರೆ ಅದು ಹೆಡ್. ಎರಡನ್ನೂ ಬೇರೆ ಬೇರೆ ತಗಡಿನ ಡಬ್ಬ ಮಾಡಿ, 19 ಇಂಚು ಅಗಲದ ಕಪಾಟಿನಲ್ಲಿ ಒಂದರ ಕೆಳಗೊಂದು ಸ್ಕ್ರೂ ಹಾಕಿ ಜೋಡಿಸಿದರೆ ರ‍್ಯಾಕ್. ಆ ಕಪಾಟಿನಲ್ಲಿ ಒಂದು ಮೆಟ್ಟಿಲಿನ ಎತ್ತರ 1.75 ಇಂಚು, ಅದಕ್ಕೆ 1ಯು ಅಂತ ಹೆಸರು. ಈ 19 ಇಂಚಿನ ಅಳತೆ ಗಿಟಾರಿನವರು ಕಂಡುಹಿಡಿದದ್ದಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದಿಂದ ಬಂದದ್ದು. ನಮ್ಮ ಆಫೀಸಿನ ಸರ್ವರ್ ರೂಮಿನಲ್ಲಿರೋದೂ ಅದೇ. ಅಂದರೆ ನಾನು ಹಗಲು ಹೊತ್ತು ಹೊಟ್ಟೆಪಾಡಿಗೆ ನೋಡುವ ಕಪಾಟಿನಲ್ಲೇ ನನ್ನ ರೂಮ್‌ಮೇಟು ರಾತ್ರಿ ಸಂಗೀತ ಮಾಡುತ್ತಿದ್ದ. ‘ಅದಕ್ಕೇ ನಿನ್ನ ಗಿಟಾರ್ ಸರ್ವರ್ ಡೌನ್ ಆದ ಹಾಗೆ ಕೇಳಿಸೋದು’ ಅಂತ ನಾನು ರೇಗಿಸುತ್ತಿದ್ದೆ.

ಸಾಗರ ಸೀಮೆಯ ಅಡಿಕೆ ತೋಟದ ಹುಡುಗನಿಗೆ ಇಂಥ ಹುಚ್ಚು ಎಲ್ಲಿಂದ ಹತ್ತಿತು ಅಂತ ಬಹಳ ಜನ ಕೇಳಿದ್ದಾರೆ. ನನಗೇನೂ ಇದರಲ್ಲಿ ಆಶ್ಚರ್ಯ ಕಾಣೋದಿಲ್ಲ. ಚಿಕ್ಕಂದಿನಲ್ಲಿ ಬಯಲಾಟಕ್ಕೆ ಹೋಗಿ ರಂಗಸ್ಥಳದ ಬಲಗಡೆ, ಚಂಡೆಯವರ ಕಾಲಬುಡದಲ್ಲೇ ಕಂಬಳಿ ಹಾಸಿಕೊಂಡು ಕೂರುತ್ತಿದ್ದವನು ನಾನು. ಬೆಳಗಿನ ಜಾವ ಬಣ್ಣದ ವೇಷ ಬಂದು ಚಂಡೆ ಏರಿತು ಅಂದರೆ ಎದೆಗೂಡಿನ ಒಳಗೆ ಏನೋ ಅಲ್ಲಾಡೋದು. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರದೋ ವಾಕ್‌ಮನ್‌ನಲ್ಲಿ ಮೊದಲ ಸಲ ಮೆಟಾಲಿಕಾ ಕೇಳಿದಾಗ ಅಲ್ಲಾಡಿದ್ದೂ ಅದೇ ಜಾಗ. ಉಳಿದವರು ಇದೇನು ಗದ್ದಲ ಅಂದರು. ನನಗೆ ಪರಿಚಿತ ಗದ್ದಲ ಅನ್ನಿಸಿತು.

ಇನ್ನು ಆಂಪ್ಲಿಫೈಯರ್ ಅನ್ನೋ ವಸ್ತುವನ್ನು ನೋಡಿದ್ದೂ ಆಟದಲ್ಲೇ. ಮೈಕ್‌ಸೆಟ್ಟಿನವನು ಜೀಪಿನಿಂದ ಇಳಿಸುತ್ತಿದ್ದ ಅಹುಜಾ ಡಬ್ಬ, ಎರಡು ತಗಡಿನ ಹಾರ್ನು, ಒಂದು ಜನರೇಟರು. ಮನೆಯಲ್ಲಿ ಅಜ್ಜನ ವಾಲ್ವ್ ರೇಡಿಯೋ ಇತ್ತು. ಸ್ವಿಚ್ ಹಾಕಿದರೆ ತಕ್ಷಣ ಮಾತಾಡುತ್ತಿರಲಿಲ್ಲ. ಮೊದಲು ಹಿಂದುಗಡೆ ಕೆಂಪಗೆ ಕಾಯಬೇಕು, ಸುಟ್ಟ ಧೂಳಿನ ವಾಸನೆ ಬರಬೇಕು, ಆಮೇಲೆ ದೂರದಿಂದ ನಡೆದು ಬಂದ ಹಾಗೆ ಪ್ರದೇಶ ಸಮಾಚಾರ ಬರೋದು. ಇಪ್ಪತ್ತು ವರ್ಷದ ಮೇಲೆ ಅಮೆರಿಕದಲ್ಲಿ, 900 ಡಾಲರ್ ಕೊಟ್ಟು ಸೆಕೆಂಡ್‌ಹ್ಯಾಂಡ್ ಮೆಸಾ ಬೂಗಿ ಡ್ಯೂಯಲ್ ರೆಕ್ಟಿಫೈಯರ್ ಹೆಡ್ ತಂದು ಸ್ವಿಚ್ ಹಾಕಿದಾಗ ಬಂದದ್ದು ಅದೇ ವಾಸನೆ. ಫೋನಿನಲ್ಲಿ ಅಮ್ಮನಿಗೆ ರೂಪಾಯಿಗೆ ಲೆಕ್ಕ ಹಾಕಿ ಹೇಳಿದೆ. ‘ಅಷ್ಟು ದುಡ್ಡಿಗೆ ಎರಡು ಜೆರ್ಸಿ ದನ ಬರ್ತಿತ್ತಲ್ಲೋ, ಅದು ಹಾಲು ಕೊಡ್ತದಾ?’ ಅಂದಳು.

ಈ ಹೈ-ಗೇನ್ ಅನ್ನೋದರ ಗುಟ್ಟು ಬಹಳ ಸರಳ. ಒಂದು 12ಎಎಕ್ಸ್7 ವಾಲ್ವಿನ ಗಾಜಿನ ಬುರುಡೆಯೊಳಗೆ ಎರಡು ಟ್ರಯೋಡು ಇರುತ್ತವೆ. ಒಂದೊಂದೂ ಸಿಗ್ನಲ್ಲನ್ನು ಹತ್ತಾರು ಪಟ್ಟು ಹಿಗ್ಗಿಸುತ್ತೆ. ಒಂದರ ಬಾಯಿಗೆ ಇನ್ನೊಂದನ್ನು, ಅದರ ಬಾಯಿಗೆ ಮತ್ತೊಂದನ್ನು ಸಾಲಾಗಿ ಹಿಡಿಯುತ್ತ ಹೋದರೆ ಸಿಗ್ನಲ್ಲು ವಾಲ್ವಿನ ಮಿತಿ ದಾಟಿ ತಲೆ ಚಪ್ಪಟೆಯಾಗುತ್ತೆ. ಆ ಚಪ್ಪಟೆಯೇ ನಾವು ಕೇಳುವ ಕರಕರ. ಹೈಫೈ ಸೆಟ್ಟಿನವರು ಯಾವುದನ್ನು ರೋಗ ಅಂತ ಓಡಿಸುತ್ತಾರೋ ಅದನ್ನೇ ನಾವು ದುಡ್ಡು ಕೊಟ್ಟು ತರುತ್ತೇವೆ. ಬೂಗಿ ಕಂಪನಿ ಶುರು ಮಾಡಿದ ರ‍್ಯಾಂಡಲ್ ಸ್ಮಿತ್ ಮೊದಲು ಮಾಡಿದ್ದು ಫೆಂಡರ್ ಪ್ರಿನ್ಸ್‌ಟನ್ ಅನ್ನೋ ಪುಟ್ಟ ಆಂಪಿನ ಹೊಟ್ಟೆ ಬಗೆದು ದೊಡ್ಡ ದನಿ ತುಂಬೋ ಕೆಲಸ. ಆಮೇಲೆ ಒಂದರ ಹಿಂದೆ ಒಂದು ಗೇನ್ ಹಂತ ಸೇರಿಸುವ ದಾರಿ ಹಿಡಿದರು. ಅವರ ಕಾರ್ಖಾನೆ ಇದ್ದ ಪೆಟಲೂಮಾ ನಮ್ಮ ಸನಿವೇಲಿನಿಂದ ಎರಡು ತಾಸಿನ ದಾರಿಯೊಳಗೇ. ಒಂದು ಭಾನುವಾರ ಕಾರು ಹತ್ತಿ ಹೋಗಿ ಮುಚ್ಚಿದ ಗೇಟು ನೋಡಿಕೊಂಡು ಬಂದಿದ್ದೇವೆ. ಧರ್ಮಸ್ಥಳಕ್ಕೆ ಹೋಗಿ ದರ್ಶನ ಸಿಗದೆ ಪ್ರಸಾದ ಮಾತ್ರ ಸಿಕ್ಕ ಹಾಗೆ, ದಾರಿಯಲ್ಲಿ ಒಂದೊಂದು ಬರಿಟೊ ತಿಂದೆವು.

ಈಗ ಜಗಳಕ್ಕೆ ಬರೋಣ.

ಹುಬ್ಬಳ್ಳಿಯವನ ರ‍್ಯಾಕಿನಲ್ಲಿ ಇದ್ದದ್ದು ಅದೇ ಮೆಸಾ ಕಂಪನಿಯ ಟ್ರೈಆಕ್ಸಿಸ್ ಪ್ರೀಆಂಪು, ಕೇವಲ 1ಯು ಎತ್ತರ. ಕೆಳಗೆ ಟೂ-ನೈಂಟಿ ಪವರ್ ಆಂಪು, ಎರಡು ಬದಿಗೂ ತಲಾ 90 ವ್ಯಾಟು. ಮಧ್ಯದಲ್ಲಿ ಒಂದು ಎಫೆಕ್ಟ್ಸ್ ಡಬ್ಬ. ಎಲ್ಲದರ ಮೇಲೆ ಕರೆಂಟು ಹಂಚುವ ಪಟ್ಟಿ. ಇಬ್ಬರು ಸೇರಿದರೂ ಎತ್ತಲಿಕ್ಕೆ ಉಸಿರು ಬಿಗಿಹಿಡಿಯಬೇಕು. ಎಂಬತ್ತರ ದಶಕದಲ್ಲಿ ಲಾಸ್ ಏಂಜಲೀಸಿನ ಸ್ಟುಡಿಯೋ ಗಿಟಾರಿಗರು ಇಂಥದ್ದನ್ನೇ ಫ್ರಿಜ್ಜಿನಷ್ಟು ಎತ್ತರ ಕಟ್ಟಿಕೊಂಡು ತಿರುಗುತ್ತಿದ್ದರು. 1983ರಲ್ಲಿ ಮಿಡಿ ಬಂತು, 1987ರಲ್ಲಿ ಎಡಿಎ ಎಂಪಿ-1 ಬಂತು. ವಾಲ್ವಿನ ಪ್ರೀಆಂಪನ್ನೂ ಕಾಲಿನ ಗುಂಡಿಯಿಂದ ನಂಬರ್ ಒತ್ತಿ ಬದಲಾಯಿಸಬಹುದು ಅಂತಾಯಿತು. ಪಲ್ಲವಿಗೆ ಒಂದು ದನಿ, ಚರಣಕ್ಕೆ ಒಂದು, ಸೋಲೋಗೆ ಇನ್ನೊಂದು. ತೊಂಬತ್ತರ ದಶಕ ಬಂದದ್ದೇ ಗಾಳಿ ತಿರುಗಿತು. ಹರಿದ ಜೀನ್ಸು ಹಾಕಿದ ಹುಡುಗರು ಬಂದರು, ಫ್ರಿಜ್ಜು ಅಂದರೆ ಆಡಂಬರ ಅನ್ನಿಸತೊಡಗಿತು. 1992ರಲ್ಲಿ ಪೀವಿ 5150 ಬಂತು, ಅದೇ ಆಸುಪಾಸಿನಲ್ಲಿ ರೆಕ್ಟಿಫೈಯರೂ ಬಂತು. ಒಂದು ಹೆಡ್ಡು, ಒಂದು ಕ್ಯಾಬಿನೆಟ್ಟು, ಒಂದು ಕೇಬಲ್ಲು, ಮುಗೀತು.

ಟ್ರೈಆಕ್ಸಿಸ್‌ನಲ್ಲಿ ತಿರುಗಿಸೋ ಗುಬುಟು ಅನ್ನೋದೇ ಇಲ್ಲವೆನ್ನಬೇಕು. ಮೇಲೆ-ಕೆಳಗೆ ಗುಂಡಿ ಒತ್ತುತ್ತ ಹೋದರೆ ಕೆಂಪು ಅಂಕಿ ಬದಲಾಗುತ್ತೆ. ಗೇನ್ 8, ಟ್ರೆಬಲ್ ಇಷ್ಟು, ಬಾಸ್ ಇಷ್ಟು. ಒಳಗೆ ಬಹಳ ಚಂದದ ಒಂದು ಉಪಾಯ ಇದೆ. ಕತ್ತಲೆ ಡಬ್ಬಿಯೊಳಗೆ ಒಂದು ಪುಟ್ಟ ದೀಪ, ಅದರ ಎದುರಿಗೆ ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗೋ ತುಣುಕು. ಕಂಪ್ಯೂಟರ್ ಚಿಪ್ಪು ದೀಪವನ್ನು ಹೆಚ್ಚು ಕಡಿಮೆ ಮಾಡುತ್ತೆ, ಗಿಟಾರಿನ ಸಿಗ್ನಲ್ಲು ಆ ತುಣುಕಿನ ಮೂಲಕ ಹೋಗುತ್ತೆ. ಡಿಜಿಟಲ್ಲು ಸಿಗ್ನಲ್ಲನ್ನು ಮುಟ್ಟೋದೇ ಇಲ್ಲ, ಬರೀ ದೀಪ ಹಿಡಿಯುತ್ತೆ. ಕಾಲೇಜಿನಲ್ಲಿ ಇಂಥದ್ದನ್ನು ತೋರಿಸಿ ಪಾಠ ಮಾಡಿದ್ದರೆ ನಾನು ಸಾಫ್ಟ್‌ವೇರಿಗೆ ಬರುತ್ತಲೇ ಇರಲಿಲ್ಲವೇನೋ.

ನನ್ನ ಹೆಡ್ಡಿನಲ್ಲಿ ನೆನಪಿನ ಶಕ್ತಿ ಇಲ್ಲ. ಗುಬುಟು ಎಲ್ಲಿದೆಯೋ ಅದೇ ದನಿ. ಅದಕ್ಕೆ ಬೇರೆ ಗುಣ. ಹಿಂದುಗಡೆ ಒಂದು ಸ್ವಿಚ್ಚಿದೆ, ಏಸಿಯನ್ನು ಡಿಸಿ ಮಾಡೋ ಕೆಲಸವನ್ನು ಸಿಲಿಕಾನ್ ಡಯೋಡಿಗೆ ಕೊಡಬಹುದು ಅಥವಾ ವಾಲ್ವಿಗೇ ಕೊಡಬಹುದು. ಡ್ಯೂಯಲ್ ರೆಕ್ಟಿಫೈಯರ್ ಅನ್ನೋ ಹೆಸರು ಬಂದದ್ದೇ ಹಾಗೆ. ವಾಲ್ವಿಗೆ ಕೊಟ್ಟರೆ ಜೋರಾಗಿ ಬಾರಿಸಿದ ಕ್ಷಣ ವೋಲ್ಟೇಜು ಒಂದು ಚೂರು ಕುಸಿದು ಮತ್ತೆ ಏಳುತ್ತೆ, ದನಿ ರಬ್ಬರಿನ ಹಾಗೆ ಒತ್ತಿ ಬಿಡುತ್ತೆ. ಪಕ್ಕದಲ್ಲಿ ಇನ್ನೊಂದು ಸ್ವಿಚ್ಚು: ಬೋಲ್ಡ್ ಮತ್ತು ಸ್ಪಂಜಿ. ಸ್ಪಂಜಿ ಅಂದರೆ ಇಡೀ ಆಂಪಿಗೆ ಬರೋ ವೋಲ್ಟೇಜನ್ನೇ ಇಳಿಸೋದು. ಇದನ್ನು ಓದಿ ನಾನು ಎಷ್ಟು ಹೊತ್ತು ನಕ್ಕೆ ಅಂದರೆ! ನಮ್ಮೂರಲ್ಲಿ ಬೇಸಿಗೆಯ ಸಂಜೆ ಎಲ್ಲರೂ ತೋಟದ ಪಂಪು ಹಾಕಿದ ಕೂಡಲೇ ಬಲ್ಬು ಕೆಂಪು ಹುಳದ ಹಾಗೆ ಆಗುತ್ತಲ್ಲ, ಅದಕ್ಕೆ ಈ ಜನ ಸ್ವಿಚ್ಚು ಇಟ್ಟು ದುಡ್ಡು ತಗೊಂಡಿದ್ದಾರೆ. ನಮಗೆ ಅದು ಪುಕ್ಕಟೆ.

‘ಹೆಡ್ಡಿನ ದನಿ ದಪ್ಪ, ರ‍್ಯಾಕಿನದ್ದು ತೆಳು’ ಅನ್ನೋದು ಹೆಡ್ ಪಾರ್ಟಿಯ ಹಳೇ ಘೋಷಣೆ. ನಾನೂ ಕೂಗಿದ್ದೇನೆ. ಆದರೆ ಮೆಸಾದವರು ಡ್ಯೂಯಲ್ ರೆಕ್ಟಿಫೈಯರನ್ನೇ ರ‍್ಯಾಕಿಗೆ ಕೂರುವ ಹಾಗೆಯೂ ಮಾಡಿದ್ದರು, ಮರದ ಪೆಟ್ಟಿಗೆ ಇಲ್ಲ, ಅಷ್ಟೇ. ಸ್ಯಾನ್ ಹೋಸೆಯಲ್ಲಿ ನಾವು ವಾರಕ್ಕೊಮ್ಮೆ ಬಾಡಿಗೆಗೆ ಹಿಡಿಯುತ್ತಿದ್ದ ರಿಹರ್ಸಲ್ ಕೋಣೆಗೆ ಒಬ್ಬರು ಅದನ್ನು ತರುತ್ತಿದ್ದರು. ಒಂದು ಸಂಜೆ ಪಂಥ ಕಟ್ಟಿದೆವು. ಅದೇ ಗಿಟಾರು, ಅದೇ ಕ್ಯಾಬಿನೆಟ್ಟು, ಗುಬುಟುಗಳು ಒಂದೇ ಗಡಿಯಾರದ ಮುಳ್ಳಿನಲ್ಲಿ. ಜೋರಾಗಿರೋದೇ ಚೆನ್ನಾಗಿದೆ ಅನ್ನಿಸೋದು ಮನುಷ್ಯನ ಕಿವಿಯ ಚಾಳಿ, ಹಾಗಾಗಿ ಮೀಟರ್ ಇಟ್ಟು ಎರಡನ್ನೂ ಸಮ ಮಾಡಿದೆವು. ಕೇಳೋರು ಗೋಡೆ ಕಡೆ ತಿರುಗಿ ನಿಲ್ಲಬೇಕು. ಯಾವುದು ಯಾವುದು ಅಂತ ಯಾರಿಗೂ ಹೇಳಲಿಕ್ಕಾಗಲಿಲ್ಲ. ಡ್ರಮ್ಮರ್ ಮಾತ್ರ ಐದಕ್ಕೆ ನಾಲ್ಕು ಸರಿ ಹೇಳಿದ. ಆಮೇಲೆ ಗೊತ್ತಾಯಿತು, ಅವನು ಕೇಬಲ್ ಕೀಳುವ ಸದ್ದು ಎಣಿಸುತ್ತಿದ್ದ.

ಅಲ್ಲಿಗೆ ಒಂದು ಇತ್ಯರ್ಥವಾಯಿತು: ಸರ್ಕ್ಯೂಟು ಒಂದೇ ಆದರೆ ತಗಡೋ ಮರವೋ ಅನ್ನೋದು ಕಿವಿಗೆ ಬೇಕಿಲ್ಲ. ವ್ಯತ್ಯಾಸ ಇರೋದು ಪ್ರೀಆಂಪನ್ನೂ ಪವರ್ ಆಂಪನ್ನೂ ಬೇರೆ ಮಾಡಿದಾಗ. ರೆಕ್ಟಿಫೈಯರಿನ ಮಾಡರ್ನ್ ಮೋಡ್ ಇದೆಯಲ್ಲ, ಅದು ಪವರ್ ಆಂಪಿನ ನೆಗೆಟಿವ್ ಫೀಡ್‌ಬ್ಯಾಕನ್ನು ಬಿಡಿಸಿಬಿಡುತ್ತೆ. ಮೂಗುದಾರ ಕಳಚಿದ ಎತ್ತು. ಆ ಎದೆಗೆ ಗುದ್ದುವ ಕೆಳಸ್ವರ ಅಲ್ಲಿಂದ ಬರೋದು, ಪ್ರೀಆಂಪಿನಿಂದಲ್ಲ. ಬರೀ ಪ್ರೀಆಂಪನ್ನು ತಂದು ಬೇರೆ ಯಾವುದೋ ಪವರ್ ಆಂಪಿಗೆ ಜೋಡಿಸಿ ‘ರ‍್ಯಾಕು ತೆಳು’ ಅನ್ನೋದು, ಮಾವನ ಮನೆ ಮಸಾಲೆಗೆ ಅತ್ತೆಮನೆ ಮೀನು ಹಾಕಿ ಅಡುಗೆಯವರನ್ನು ಬೈದ ಹಾಗೆ.

ರ‍್ಯಾಕಿನ ಅಸಲು ಕಷ್ಟ ಬೇರೆ, ಅದು ಗುಂಯ್ ಅನ್ನೋದು. ನಾಲ್ಕು ಡಬ್ಬ, ನಾಲ್ಕಕ್ಕೂ ಅರ್ಥಿಂಗು, ನಾಲ್ಕೂ ಒಂದೇ ಕಬ್ಬಿಣದ ಕಂಬಿಗೆ ಸ್ಕ್ರೂ ಆಗಿವೆ. ಅರ್ಥಿಂಗು ಸುತ್ತು ಹೊಡೆದು 60 ಹರ್ಟ್ಸಿನ ಶ್ರುತಿ ಹಿಡಿದುಬಿಡುತ್ತೆ. ಹುಬ್ಬಳ್ಳಿಯವನು ಒಂದು ಇಡೀ ಶನಿವಾರ ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಹಾಕುತ್ತ ಕೂತಿದ್ದ. ಹೆಡ್ಡಿನ ಕಷ್ಟ ಎಂದರೆ ಅದು ಸ್ಪೀಕರಿನ ತಲೆ ಮೇಲೇ ಕೂತಿರುತ್ತೆ. ನಡುಗಿ ನಡುಗಿ ಒಂದು ದಿನ ವಾಲ್ವು ಮೈಕಿನ ಹಾಗೆ ಆಗಿ, ಬೆರಳಲ್ಲಿ ತಟ್ಟಿದರೆ ಸ್ಪೀಕರಿನಲ್ಲಿ ಟಂಯ್ ಅನ್ನುತ್ತೆ. ಇಂಥ ಕಡೆ ನಾವಿಬ್ಬರೂ ಜಗಳ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯುತ್ತಿದ್ದೆವು. ಹುಷಾರು, ಆಂಪಿನೊಳಗೆ ನಾನೂರು ವೋಲ್ಟಿಗೂ ಮೇಲೆ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿದಿರುತ್ತೆ. ಓದಿದ್ದೀನಿ ಅಂತ ಕೈ ಹಾಕಬೇಡಿ.

ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಅವನೇ ಗೆಲ್ಲುತ್ತಿದ್ದ. ಟ್ರೈಆಕ್ಸಿಸ್‌ಗೆ ರೆಕಾರ್ಡಿಂಗ್ ಔಟ್‌ಪುಟ್ ಇದೆ, ಒಂದು ಪುಟ್ಟ ಮಿಕ್ಸರಿಗೆ ಹಾಕಿ ಹೆಡ್‌ಫೋನ್ ಏರಿಸಿಕೊಂಡರೆ ರಾತ್ರಿ ಎರಡಕ್ಕೂ ಬಾರಿಸಬಹುದು. ನನ್ನ 100 ವ್ಯಾಟಿನ ಹೆಡ್ಡಿಗೆ ಸ್ಪೀಕರ್ ಜೋಡಿಸದೆ ಬಾರಿಸುವ ಹಾಗೇ ಇಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಸ್ಪೀಕರ್ ಜೋಡಿಸಿದರೆ ಪಕ್ಕದ ಮನೆಯವರು ಬಂದಾರು. ಸಣ್ಣಗೆ ಇಟ್ಟುಕೋ ಅಂತೀರಿ. ಕಿವಿಗೆ ಅರ್ಧ ಅನ್ನಿಸಬೇಕಾದರೆ ವ್ಯಾಟು ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. 10 ವ್ಯಾಟಿನ ವಾಲ್ವ್ ಆಂಪೂ ಬೆಡ್‌ರೂಮಿಗೆ ರಾಕ್ಷಸನೇ.

2009ರ ಚಳಿಗಾಲದಲ್ಲಿ ಅವನ ಕೆಲಸ ಹೋಯಿತು. ಬೆಳಿಗ್ಗೆ ಹತ್ತಕ್ಕೆ ಮೀಟಿಂಗು, ಹನ್ನೊಂದಕ್ಕೆ ಕೈಯಲ್ಲಿ ಒಂದು ರಟ್ಟಿನ ಡಬ್ಬ. ಎಚ್-1ಬಿ ವೀಸಾದವನಿಗೆ ಕೆಲಸ ಹೋದರೆ ದೇಶವೂ ಹೋದ ಹಾಗೆ. ಪವರ್ ಆಂಪು, ಕ್ಯಾಬಿನೆಟ್ಟು, ಕಾರು ಎಲ್ಲ ಸಿಕ್ಕಿದ ಬೆಲೆಗೆ ಹೋದವು. ಟ್ರೈಆಕ್ಸಿಸ್ ಕೇಳಿಕೊಂಡು ಇಬ್ಬರು ಬಂದರು, ಇಬ್ಬರಿಗೂ ಕೊಡಲಿಲ್ಲ. ಹೊರಡುವ ಹಿಂದಿನ ರಾತ್ರಿ ರ‍್ಯಾಕಿನಿಂದ ಬಿಚ್ಚಿ, ಟವೆಲ್ ಸುತ್ತಿ ನನ್ನ ಮಂಚದ ಕೆಳಗೆ ತಳ್ಳಿದ. ‘ಇರ್ಲಿ ಬಿಡಲೇ, ಮತ್ತ ಬರ್ತೀನಲ್ಲ, ಆವಾಗ ತಗೋತೀನಿ’ ಅಂದ.

ಅವನು ಬರಲಿಲ್ಲ. 2011ರಲ್ಲಿ ಅಪ್ಪನಿಗೆ ಲಕ್ವ ಹೊಡೆದು ನಾನೇ ಹೊರಟೆ. ವಿಮಾನದಲ್ಲಿ 23 ಕೆಜಿಯ ಎರಡು ಪೆಟ್ಟಿಗೆ. ಹೆಡ್ಡು ಒಂದೇ ಸುಮಾರು 20 ಕೆಜಿ. ಅಂದರೆ ಐದು ವರ್ಷದ ಸಂಸಾರ ಇನ್ನೊಂದು ಪೆಟ್ಟಿಗೆಯಲ್ಲಿ, ಅಥವಾ ಹೆಡ್ಡನ್ನು ಬಿಟ್ಟು ಹೋಗಬೇಕು. ಭಾವನೆ ಬದಿಗಿಟ್ಟು ಲೆಕ್ಕ ಹಾಕಿದೆ. ನನ್ನ ಹೆಡ್ಡಿನ ಟ್ರಾನ್ಸ್‌ಫಾರ್ಮರು 120 ವೋಲ್ಟಿಗೆ, 60 ಹರ್ಟ್ಸಿಗೆ ಸುತ್ತಿದ್ದು. ವೋಲ್ಟೇಜಿಗೆ ಸ್ಟೆಪ್-ಡೌನ್ ಸಿಗುತ್ತೆ, ಹರ್ಟ್ಸಿಗೆ ಸಿಗೋದಿಲ್ಲ. ನಮ್ಮ 50 ಹರ್ಟ್ಸಿನಲ್ಲಿ ಅದೇ ವೋಲ್ಟಿಗೆ ಕಬ್ಬಿಣದ ಮೇಲೆ ಶೇಕಡ 20 ಹೆಚ್ಚು ಹೊರೆ ಬೀಳುತ್ತೆ, ಟ್ರಾನ್ಸ್‌ಫಾರ್ಮರು ಬಿಸಿಯಾಗುತ್ತೆ. ಇನ್ನು ಹಸಿವು ನೋಡಿ. ನಾಲ್ಕು 6ಎಲ್6, ಎರಡು 5ಯು4, ಐದು 12ಎಎಕ್ಸ್7, ಇವುಗಳ ತಂತಿ ಕೆಂಪಗೆ ಕಾಯಲಿಕ್ಕೇ 60 ವ್ಯಾಟಿಗೂ ಮೇಲೆ ಬೇಕು. ಒಂದು ಸ್ವರ ಹೊರಡುವ ಮೊದಲೇ, ನಮ್ಮನೆ ಜಗಲಿಯ 60 ಕ್ಯಾಂಡಲ್ ಬಲ್ಬಿನಷ್ಟು! ಬಾರಿಸಲಿಕ್ಕೆ ಇನ್ನೂ ನೂರಾರು ವ್ಯಾಟು. ಅಷ್ಟು ದೊಡ್ಡ ಸ್ಟೆಪ್-ಡೌನ್ ಅಂದರೆ ಅದೇ ಒಂದು ರುಬ್ಬುಗಲ್ಲು. ಟ್ರೈಆಕ್ಸಿಸ್ ಬರೀ ಪ್ರೀಆಂಪು. ಇಟ್ಟಿಗೆಯಷ್ಟು ಸ್ಟೆಪ್-ಡೌನ್ ಸಾಕು. ಅಗಲ 19 ಇಂಚು, ಅಂದರೆ 48 ಸೆಂಟಿಮೀಟರ್ ಚಿಲ್ಲರೆ. ಕ್ಯಾಬಿನ್ ಬ್ಯಾಗಿನಲ್ಲಿ ಕೂರುತ್ತೆ.

ಹೆಡ್ಡನ್ನು ಒಬ್ಬ ಕಾಲೇಜು ಹುಡುಗ ತಗೊಂಡ. ಅವನ ಅಪ್ಪ ಕಾರಿನಲ್ಲೇ ಕೂತಿದ್ದರು, ಡಿಕ್ಕಿವರೆಗೆ ನಾನೇ ಹೊತ್ತೆ. ಟ್ರೈಆಕ್ಸಿಸ್ ನನ್ನ ಕೈಯಲ್ಲೇ ಬೆಂಗಳೂರಿಗೆ ಬಂತು. ಕಸ್ಟಮ್ಸಿನವರು ತಿರುಗಿಸಿ ನೋಡಿ, ‘ಹಳೇ ಡಿವಿಡಿ ಪ್ಲೇಯರ್ರಾ?’ ಅಂದರು. ಹಳೇದು ಅನ್ನೋದು ನಿಜ ಅಂದೆ.

ಅದೇ ಅಕ್ಟೋಬರ್ 30ಕ್ಕೆ ಅರಮನೆ ಮೈದಾನದಲ್ಲಿ ಮೆಟಾಲಿಕಾ. ಎರಡು ಟಿಕೆಟ್ ತಗೊಂಡು ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವನು ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದ. ಗಿಟಾರು ಮಾರಿದ್ದನಂತೆ. ‘ದೀಪಾವಳಿ ಈಗ ಮುಗದೈತಿ, ಹೊಸಾ ಲೆಕ್ಕ ಬರೀಬೇಕು, ಎಲ್ಲಿ ಬರ್ಲಿ’ ಅಂದ. ನಿನ್ನ ಡಬ್ಬ ತಂದಿದ್ದೀನಿ ಮಾರಾಯ ಅಂದೆ. ‘ನೀನ ಇಟ್ಕೊ. ನನಗ್ಯಾಕ ಈಗ ಅದು’ ಅಂದ. ಅಂದು ನಾನು ಒಬ್ಬನೇ ಕೆಸರಿನಲ್ಲಿ ನಿಂತು ಕೇಳಿದೆ. ಎರಡನೇ ಟಿಕೆಟನ್ನು ಗೇಟಿನಲ್ಲಿ ಮಂಗಳೂರಿನ ಒಬ್ಬ ಹುಡುಗನಿಗೆ ಕೊಟ್ಟೆ.

ಈಗ ಜಗಳ ಬೇರೆ ಕಡೆ ಹೋಗಿದೆ. ಫ್ರ್ಯಾಕ್ಟಲ್ಲಿನವರು, ಕೆಂಪರಿನವರು ವಾಲ್ವಿನ ದನಿಯನ್ನೇ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದಾರೆ. 2013ರ ಡಿಸೆಂಬರಿನಲ್ಲಿ ಮೆಟಾಲಿಕಾದವರೇ ಅಂಟಾರ್ಕ್ಟಿಕಾದಲ್ಲಿ ಬಾರಿಸಿದಾಗ ಕೇಳುವವರೆಲ್ಲ ಹೆಡ್‌ಫೋನ್ ಹಾಕಿಕೊಂಡಿದ್ದರು. ಕೆಂಪರಿನಲ್ಲಿ ನನಗೆ ಮಜಾ ಅನ್ನಿಸೋದು ಒಂದು ವಿಷಯ: ಒಳಗಿರೋದು ಒಂದೇ ಪ್ರೋಗ್ರಾಮು, ಆದರೂ ಕೊಳ್ಳುವಾಗ ಹೆಡ್ಡಿನ ಆಕಾರ ಬೇಕೋ ರ‍್ಯಾಕಿನ ಆಕಾರ ಬೇಕೋ ಅಂತ ಕೇಳುತ್ತಾರೆ. ಈ ವಿಷಯ ಹೇಳಿ ಜಗಳ ತೆಗೆಯೋಣ ಅಂದರೆ ಎದುರು ಪಾರ್ಟಿಯೇ ಇಲ್ಲ.

ಟ್ರೈಆಕ್ಸಿಸ್‌ನ ನೆನಪು ಒಳಗಿನ ಒಂದು ರೂಪಾಯಿ ಬಿಲ್ಲೆಯಂಥ ಲಿಥಿಯಂ ಬ್ಯಾಟರಿ ಮೇಲೆ ನಿಂತಿದೆ. ಬ್ಯಾಟರಿ ಸತ್ತರೆ ಎಲ್ಲ ಖಾಲಿ. ನಾನು ಬಳಸೋದು ನಾನೇ ಕೂಡಿಸಿಕೊಂಡ ಮೂರು ನಂಬರು. ಅವನ ನಂಬರುಗಳನ್ನು ಇವತ್ತಿಗೂ ಅಳಿಸಿಲ್ಲ. ಹೋದ ತಿಂಗಳು ಬ್ಯಾಟರಿ ಬದಲಾಯಿಸೋಣ ಅಂತ ಸೋಲ್ಡರಿಂಗ್ ಐರನ್ ತೆಗೆದೆ. ಬ್ಯಾಕಪ್ ಇಲ್ಲದೆ ಏನನ್ನೂ ಮುಟ್ಟಬಾರದು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಇದಕ್ಕೆ ನಾನು ನಂಬಿದ ಬ್ಯಾಕಪ್ಪು ಅಂದರೆ ಪೆನ್ನು ಮತ್ತು ನೋಟ್‌ಬುಕ್ಕು. ಒಂದೊಂದೇ ನಂಬರು ಒತ್ತಿ ಕೆಂಪು ಅಂಕಿ ಬರೆದುಕೊಳ್ಳುತ್ತ ಕೂತೆ. ಮಧ್ಯದಲ್ಲಿ ಅವನಿಗೇ ಫೋನ್ ಹಚ್ಚಿ ಇವೆಲ್ಲ ಬೇಕಾ ಅಂತ ಕೇಳಿದೆ.

‘ಅದೆಲ್ಲಾ ಮರ್ತ ಹೋಗೈತೋ. ನಾಕ ವರ್ಷ ಆತು ಗಿಟಾರ್ ಮುಟ್ಟಿ’ ಅಂದ. ಹಿಂದೆ ಯಾರೋ ಅರ್ಧ ಇಂಚಿನ ಜಿಐ ಪೈಪು ಕೇಳುತ್ತಿದ್ದರು.

‘ಇಪ್ಪತ್ತೇಳನೇದು’ ಅಂದೆ. ‘ಲೀಡ್ ಒನ್ ರೆಡ್. ಗೇನ್ 8. ಟ್ರೆಬಲ್ಲು...’

‘ಆರೂವರಿ’ ಅಂದ.

ಡಬ್ಬದ ಮೇಲೆ 6.5 ಅಂತಲೇ ಇತ್ತು.

‘ಮಿಡ್ಲು?’

‘ನಾಕು. ಬಾಸ್ ಮೂರು. ಡೈನಾಮಿಕ್ ವಾಯ್ಸ್ ಐದೂವರಿ... ತಡೀಲೇ, ಗಿರಾಕಿ ಬಂದಾರ.’ ಫೋನನ್ನು ಕಟ್ ಮಾಡಲಿಲ್ಲ, ಗಲ್ಲಾದ ಮೇಲೆ ಇಟ್ಟ. ಪೈಪು ಅಳೆಯುವ, ಚಿಲ್ಲರೆ ಎಣಿಸುವ ಸದ್ದು ಕೇಳಿಸುತ್ತಿತ್ತು. ನಾನು ಇಪ್ಪತ್ತೆಂಟನೇದನ್ನು ಒತ್ತಿ, ಅವನು ವಾಪಸ್ ಬರಲಿ ಅಂತ ಪೆನ್ನು ಹಿಡಿದು ಕೂತೆ.